ಬೆಂಕಿಕಡ್ಡಿಯ ಕಟ್ಟಡ ಕಟ್ಟುವುದು, ಉರಿಸುವುದು: ಸಮಗ್ರ ಮಾರ್ಗದರ್ಶಿ

ಸಾವಿರಾರು ಬೆಂಕಿಕಡ್ಡಿಗಳನ್ನು ಒಂದಕ್ಕೊಂದು ಜೋಡಿಸಿ ಗೋಪುರವನ್ನೋ ಗೋಳವನ್ನೋ ಕಟ್ಟಿ, ಕೊನೆಗೆ ಅದರ ಒಂದು ಮೂಲೆಗೆ ಉರಿ ತಾಗಿಸಿ ನೋಡುವ ಹವ್ಯಾಸ ಇಂದು ವಿಡಿಯೋಗಳ ಮೂಲಕ ಎಲ್ಲೆಡೆ ಹಬ್ಬಿದೆ. ನೋಡುವವರಿಗೆ ಅದು ಒಂದೆರಡು ನಿಮಿಷದ ಬೆರಗು. ಮಾಡುವವರಿಗೆ ಮರ, ಮದ್ದು ಮತ್ತು ಗಾಳಿ ಈ ಮೂರರ ಸ್ವಭಾವವನ್ನು ತಿಳಿದುಕೊಂಡು ಮಾಡಬೇಕಾದ ಶಿಸ್ತಿನ ಕೆಲಸ. ಹೊಸಬರು ಸಾಮಾನ್ಯವಾಗಿ ಮೊದಲು ಆಕೃತಿಯನ್ನು ಯೋಚಿಸುತ್ತಾರೆ, ಉರಿಯನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಳ್ಳುತ್ತಾರೆ. ಈ ಮಾರ್ಗದರ್ಶಿ ಅದಕ್ಕೆ ತಿರುವುಮುರುವಾದ ಕ್ರಮವನ್ನು ಹೇಳುತ್ತದೆ: ಉರಿ ಎಲ್ಲಿ ಹುಟ್ಟಿ, ಯಾವ ದಾರಿಯಲ್ಲಿ ಹರಿದು, ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲು ನಿರ್ಧರಿಸಬೇಕು, ಆ ದಾರಿಗೆ ತಕ್ಕಂತೆ ಕಟ್ಟಡವನ್ನು ಕಟ್ಟಬೇಕು. ಇದು ವಯಸ್ಕರಿಗಾಗಿ ಬರೆದದ್ದು. ಮಕ್ಕಳು ಕಟ್ಟುವುದರಲ್ಲಿ ಕೈಜೋಡಿಸಬಹುದಾದರೂ, ಹೊತ್ತಿಸುವ ಕೆಲಸ ಅವರದಲ್ಲ.

ಕಡ್ಡಿಯೊಳಗೆ ಏನಿದೆ

ಘರ್ಷಣೆಯಿಂದ ಹೊತ್ತುವ ಬೆಂಕಿಕಡ್ಡಿಯನ್ನು ಇಂಗ್ಲೆಂಡಿನ ಜಾನ್ ವಾಕರ್ 1827ರಲ್ಲಿ ಮಾರಾಟಕ್ಕೆ ತಂದರು. ಇಂದು ನಾವು ಬಳಸುವ ಸುರಕ್ಷಿತ ಬೆಂಕಿಕಡ್ಡಿ ಸ್ವೀಡನ್ನಿನದು. ಗುಸ್ತಾಫ್ ಎರಿಕ್ ಪಾಷ್ 1844ರಲ್ಲಿ ಅದರ ಮೂಲ ವಿಧಾನವನ್ನು ಕಂಡುಹಿಡಿದರು, ಯೋನ್‌ಶೋಪಿಂಗ್ ಊರಿನ ಲುಂಡ್‌ಸ್ಟ್ರೋಮ್ ಸಹೋದರರು ಅದನ್ನು ಉದ್ಯಮವಾಗಿ ಬೆಳೆಸಿದರು. ಹೊತ್ತಿಕೊಳ್ಳಲು ಬೇಕಾದ ವಸ್ತುಗಳನ್ನು ಎರಡು ಕಡೆ ಹಂಚಿಟ್ಟಿರುವುದೇ ಈ ಕಡ್ಡಿಯ ಸುರಕ್ಷತೆಯ ಗುಟ್ಟು. ಪೊಟ್ಟಣದ ಬದಿಯ ಪಟ್ಟಿಯಲ್ಲಿ ಕೆಂಪು ರಂಜಕವೂ ಗಾಜಿನ ಪುಡಿಯೂ ಇರುತ್ತವೆ. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ, ಅಂಟು ಮತ್ತು ಇತರ ಪುಡಿಗಳಿರುತ್ತವೆ. ಕಡ್ಡಿಯ ಮರಕ್ಕೆ ತುದಿಯಲ್ಲಿ ಮೇಣ ಹತ್ತಿಸಿರುತ್ತಾರೆ, ತಲೆಯ ಉರಿ ಮರಕ್ಕೆ ದಾಟಲಿ ಎಂದು. ಆರಿದ ಮೇಲೆ ಕೆಂಡವಾಗಿ ಉಳಿಯದಿರಲೆಂದು ಮರಕ್ಕೆ ಫಾಸ್ಫೇಟ್ ಲವಣವನ್ನೂ ಉಣಿಸಿರುತ್ತಾರೆ.

ಇದರಿಂದ ಕಟ್ಟುವವರು ತಿಳಿಯಬೇಕಾದ ವಿಷಯ ಎರಡು. ಮೊದಲನೆಯದು, ಪೊಟ್ಯಾಸಿಯಂ ಕ್ಲೋರೇಟ್ ತನ್ನೊಳಗೇ ಆಮ್ಲಜನಕವನ್ನು ಇಟ್ಟುಕೊಂಡಿರುವುದರಿಂದ ಕಡ್ಡಿಯ ತಲೆ ಹೊರಗಿನ ಗಾಳಿಗೆ ಕಾಯುವುದಿಲ್ಲ. ಕಾವು ತಾಗಿದ ಕೂಡಲೇ ಒಂದೆರಡು ಸೆಕೆಂಡಿನಲ್ಲಿ ಭುಗಿಲೆದ್ದು ಮುಗಿದುಹೋಗುತ್ತದೆ. ಎರಡನೆಯದು, ಮರಕ್ಕೆ ಗಾಳಿ ಬೇಕೇ ಬೇಕು. ಸಂದಿಲ್ಲದಂತೆ ಒತ್ತೊತ್ತಾಗಿ ಜೋಡಿಸಿದ ಕಡ್ಡಿಗಳ ಮರ ಹೊರಮೈಯಲ್ಲಿ ಮಾತ್ರ ಕರಕಲಾಗಿ ಉಳಿಯುತ್ತದೆ; ಟೊಳ್ಳಾಗಿ, ನಡುವೆ ಗಾಳಿ ಆಡುವಂತೆ ಕಟ್ಟಿದ್ದು ಬುಡದಿಂದ ತುದಿಯವರೆಗೂ ಉರಿದು ಕುಸಿಯುತ್ತದೆ. ಎಲ್ಲ ವಿನ್ಯಾಸಗಳೂ ಈ ಎರಡು ನಡವಳಿಕೆಗಳ ಹೊಂದಾಣಿಕೆಯೇ ಆಗಿರುತ್ತವೆ.

ಸ್ಕಾಟ್ಲೆಂಡಿನ ಶಿಲ್ಪಿ ಡೇವಿಡ್ ಮ್ಯಾಕ್ ಅವರ ಕೃತಿಗಳು ಇದಕ್ಕೆ ಒಳ್ಳೆಯ ಉದಾಹರಣೆ. ಬಣ್ಣದ ತಲೆಗಳು ಹೊರಗೆ ಕಾಣುವಂತೆ ಕಡ್ಡಿಗಳನ್ನು ಒತ್ತಾಗಿ ಜೋಡಿಸಿ ಅವರು ಮನುಷ್ಯರ ಮುಖಗಳನ್ನು ರೂಪಿಸಿದರು. ಅವುಗಳಲ್ಲೊಂದು ಆಕಸ್ಮಿಕವಾಗಿ ಹೊತ್ತಿಕೊಂಡ ನಂತರ, ಉರಿಸುವುದನ್ನೇ ಪ್ರದರ್ಶನವಾಗಿ ಮಾಡತೊಡಗಿದರು. ಜ್ವಾಲೆ ಮುಖದ ಮೇಲೆ ಹರಿದುಹೋದ ಬಳಿಕವೂ ಮುಖದ ಆಕಾರ ಉಳಿಯುತ್ತದೆ, ಬಣ್ಣ ಮಾತ್ರ ಬದಲಾಗಿರುತ್ತದೆ. ಇದಕ್ಕೆ ತೀರ ಬೇರೆಯಾದ ಪರಂಪರೆ ಮಾದರಿ ತಯಾರಕರದು. ಫ್ರಾನ್ಸಿನ ರಿಶಾರ್ ಪ್ಲೋ ಎಂಬವರು ಎಂಟು ವರ್ಷ ದುಡಿದು 7.19 ಮೀಟರ್ ಎತ್ತರದ ಐಫೆಲ್ ಗೋಪುರವನ್ನು 7 ಲಕ್ಷಕ್ಕೂ ಹೆಚ್ಚು ಕಡ್ಡಿಗಳಿಂದ ಕಟ್ಟಿದರು; ಮದ್ದಿನ ತಲೆಯಿಲ್ಲದ, ಅಂಗಡಿಯಲ್ಲಿ ಸಿಗದ ಕಡ್ಡಿಗಳನ್ನು ಬಳಸಿದ್ದಾರೆಂದು ಗಿನ್ನೆಸ್ ಸಂಸ್ಥೆ ಮೊದಲು ದಾಖಲೆಯನ್ನು ನಿರಾಕರಿಸಿ, 2024ರ ಫೆಬ್ರವರಿಯಲ್ಲಿ ಮನಸ್ಸು ಬದಲಿಸಿ ಒಪ್ಪಿಕೊಂಡಿತು. ಅಂಥ ಮಾದರಿಗಳು ಉಳಿಯಲೆಂದು ಕಟ್ಟಿದವು. ನಾವು ಕಟ್ಟುವುದು ಉರಿಯಲೆಂದು. ಆದ್ದರಿಂದ ನಮಗೆ ತಲೆಯಿರುವ ಕಡ್ಡಿಯೇ ಬೇಕು.

ಸ್ಥಳ ಮತ್ತು ಎಚ್ಚರಿಕೆ

ಈ ಭಾಗವನ್ನು ಯಾರೂ ಹಾರಿಸಬಾರದು ಎಂಬ ಕಾರಣಕ್ಕೇ ಕಟ್ಟುವ ವಿಧಾನಕ್ಕಿಂತ ಮೊದಲು ಇಟ್ಟಿದ್ದೇನೆ. ಉರಿಸುವ ಜಾಗ ಮನೆಯ ಹೊರಗೇ ಇರಬೇಕು. ಗಂಧಕ ಉರಿದಾಗ ಹುಟ್ಟುವ ಸಲ್ಫರ್ ಡೈಆಕ್ಸೈಡ್ ಮೂಗು ಗಂಟಲನ್ನು ಕೆರಳಿಸುತ್ತದೆ, ಉಬ್ಬಸ ಇರುವವರಿಗೆ ಅಪಾಯವನ್ನೇ ತರಬಹುದು. ಅಪಾರ್ಟ್‌ಮೆಂಟಿನ ಬಾಲ್ಕನಿ ಹೊರಗಿನ ಜಾಗವಲ್ಲ. ಒಣಹಾಕಿದ ಬಟ್ಟೆ, ಪ್ಲಾಸ್ಟಿಕ್ ಕುರ್ಚಿ, ಮೇಲಿನ ಮನೆಯ ಪರದೆ ಎಲ್ಲವೂ ಅಲ್ಲಿ ಕೈಗೆಟುಕುವಷ್ಟು ಹತ್ತಿರದಲ್ಲಿರುತ್ತವೆ. ಸಿಮೆಂಟಿನ ಅಂಗಳ ಅಥವಾ ಬರಿ ಮಣ್ಣಿನ ನೆಲ ಉತ್ತಮ. ಬೇಸಿಗೆಯಲ್ಲಿ ಒಣಹುಲ್ಲಿನ ಬಯಲಲ್ಲಾಗಲಿ, ತೋಟದಲ್ಲಾಗಲಿ, ಕಾಡಂಚಿನಲ್ಲಾಗಲಿ ಈ ಕೆಲಸ ಸರ್ವಥಾ ಬೇಡ. ಎಲೆಯೂ ಅಲುಗದ ಹೊತ್ತನ್ನು ನೋಡಿ. ಗಾಳಿ ಎದ್ದರೆ ಆ ದಿನ ಬಿಟ್ಟುಬಿಡಿ.

ಅಗಲವಾದ ಕಬ್ಬಿಣದ ಅಥವಾ ಸ್ಟೀಲಿನ ತಟ್ಟೆಯಲ್ಲಿ ಎರಡು ಮೂರು ಸೆಂಟಿಮೀಟರ್ ಒಣ ಮರಳನ್ನು ಹರಡಿ, ಕಟ್ಟಡವನ್ನು ಅದರ ಮೇಲೆ ಇಡಬೇಕು. ತಟ್ಟೆ ಕಟ್ಟಡಕ್ಕಿಂತ ಎಲ್ಲ ಬದಿಗೂ ಕನಿಷ್ಠ ಅದರ ಎತ್ತರದಷ್ಟು ಹೆಚ್ಚು ಅಗಲವಾಗಿರಲಿ, ಏಕೆಂದರೆ ಉರಿಯುವ ಗೋಪುರ ಯಾವ ಕಡೆಗೆ ಬೀಳುತ್ತದೆಂದು ಮುಂಚೆ ಹೇಳಲಾಗದು. ಪಕ್ಕದಲ್ಲಿ ತುಂಬಿದ ನೀರಿನ ಬಕೆಟ್ ಎರಡು ಇರಲಿ. ಮರಳು ಅಥವಾ ಒದ್ದೆ ಗೋಣಿ ಮರದ ಉರಿಯನ್ನು ಆರಿಸಬಲ್ಲದು, ಆದರೆ ಇನ್ನೂ ಹೊತ್ತದ ತಲೆಗಳನ್ನು ಗಾಳಿ ತಪ್ಪಿಸಿ ತಡೆಯಲಾಗುವುದಿಲ್ಲ. ತಂಪಾಗಿಸಿಯೇ ತಡೆಯಬೇಕು, ಅದಕ್ಕೆ ನೀರೇ ಬೇಕು. ಹೊತ್ತಿಸುವವರು ಹತ್ತಿ ಬಟ್ಟೆ ತೊಟ್ಟು, ಕೂದಲನ್ನು ಕಟ್ಟಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಬೇಕು. ದುಪಟ್ಟಾ, ಸೆರಗು, ಸಡಿಲ ತೋಳುಗಳನ್ನು ಒಳಗೆ ಸಿಕ್ಕಿಸಬೇಕು. ನೋಡುವವರು ನಾಲ್ಕೈದು ಮೀಟರ್ ದೂರ ನಿಲ್ಲಲಿ.

ನಾಲ್ಕು ಕೆಲಸಗಳು ಎಂದಿಗೂ ಕೂಡದು. ಸೀಮೆಎಣ್ಣೆ, ಪೆಟ್ರೋಲ್, ಸ್ಯಾನಿಟೈಸರ್ ಮುಂತಾದ ಯಾವ ದ್ರವವನ್ನೂ ಸುರಿಯಬಾರದು. ಕಡ್ಡಿಗಳ ತಲೆಯನ್ನು ಕೆರೆದು ಮದ್ದನ್ನು ಪುಡಿಯಾಗಿ ರಾಶಿ ಮಾಡಬಾರದು. ಡಬ್ಬಿ, ಬಾಟಲಿ, ಕೊಳವೆಗಳಂಥ ಮುಚ್ಚಿದ ಜಾಗದಲ್ಲಿ ಹೊತ್ತಿಸಬಾರದು. ಎಲ್ಲಿ ಬೇಕಾದರೂ ಗೀರಿ ಹೊತ್ತಿಸಬಹುದಾದ ವಿದೇಶಿ ಕಡ್ಡಿಗಳನ್ನು ಕಟ್ಟಡಕ್ಕೆ ಬಳಸಬಾರದು. ಜೋಡಿಸುವಾಗಿನ ತಿಕ್ಕಾಟವೇ ಅವಕ್ಕೆ ಸಾಕು. ಚರ್ಮಕ್ಕೆ ಉರಿ ತಾಗಿದರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಇಂಕು, ತುಪ್ಪ, ಅರಿಶಿನ ಯಾವುದನ್ನೂ ಹಚ್ಚದೆ ವೈದ್ಯರ ಬಳಿಗೆ ಹೋಗಬೇಕು.

ಕಡ್ಡಿಯ ಆಯ್ಕೆ

ನಮ್ಮ ಅಂಗಡಿಗಳಿಗೆ ಬರುವ ಬೆಂಕಿಪೊಟ್ಟಣಗಳಲ್ಲಿ ಬಹುಪಾಲು ತಮಿಳುನಾಡಿನ ಶಿವಕಾಶಿ, ಸಾತೂರು, ಕೋವಿಲ್‌ಪಟ್ಟಿ ಸುತ್ತಿನವು. ಅವುಗಳಲ್ಲಿ ಮೇಣದ ಕಡ್ಡಿ ಮತ್ತು ಮರದ ಕಡ್ಡಿ ಎಂದು ಎರಡು ಬಗೆ. ಮೇಣದ ಕಡ್ಡಿ ಬಾಗುತ್ತದೆ, ಉರಿಯುವಾಗ ಕರಗಿ ತೊಟ್ಟಿಕ್ಕುತ್ತದೆ. ಕಟ್ಟುವ ಕೆಲಸಕ್ಕೆ ಅದು ಬೇಡ. ಬೂರುಗ, ಹಾಲುಮಡ್ಡಿಯಂಥ ಮೆದು ಮರಗಳಿಂದ ಸೀಳಿದ ಚೌಕ ಕಡ್ಡಿಗಳನ್ನೇ ಕೊಳ್ಳಿ. ಒಂದೇ ಗುರುತಿನ, ಸಾಧ್ಯವಾದರೆ ಒಂದೇ ಬಂಡಲ್ಲಿನ ಪೊಟ್ಟಣಗಳನ್ನು ತಂದರೆ ಉದ್ದ ಮತ್ತು ದಪ್ಪ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ತಂದ ಕಡ್ಡಿಗಳನ್ನು ಆರಿಸುವುದು ಬೇಸರದ ಕೆಲಸವಾದರೂ ತಪ್ಪಿಸಲಾಗದ್ದು. ಸೊಟ್ಟಗಿರುವುದು, ಸೀಳಿರುವುದು, ತಲೆ ಮುಕ್ಕಾಗಿರುವುದು, ಎರಡು ತಲೆ ಒಂದಕ್ಕೊಂದು ಅಂಟಿರುವುದು, ಇವನ್ನೆಲ್ಲ ಬೇರೆ ಮಾಡಿ. ಸಮತಟ್ಟಾದ ಗಾಜಿನ ಮೇಲೆ ಉರುಳಿಸಿದರೆ ಸೊಟ್ಟ ಕಡ್ಡಿ ಕೂಡಲೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಗಳಲ್ಲಿ, ತಲೆಗಳು ತೇವ ಹೀರಿ ಮೆತ್ತಗಾಗುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ದಿನ ಇಟ್ಟರೆ ಸರಿಯಾಗುತ್ತವೆ. ಒಲೆಯ ಪಕ್ಕದಲ್ಲಿ, ಓವನ್ನಿನಲ್ಲಿ ಅಥವಾ ಹೇರ್ ಡ್ರೈಯರಿನಿಂದ ಒಣಗಿಸುವ ಯೋಚನೆಯನ್ನು ದೂರವಿಡಿ. ಕಡ್ಡಿಗಳನ್ನು ಹೊರತೆಗೆದ ಖಾಲಿ ಪೊಟ್ಟಣಗಳನ್ನು, ಅಂದರೆ ಗೀರುವ ಪಟ್ಟಿಗಳನ್ನು, ಕೆಲಸದ ಮೇಜಿನಿಂದ ಬೇರೊಂದು ಕೋಣೆಗೆ ಸಾಗಿಸಬೇಕು.

ಮೊದಲು ಪರೀಕ್ಷಾ ಸಾಲು

ಯಾವ ಕಟ್ಟಡಕ್ಕೂ ಮುನ್ನ ನಿಮ್ಮ ಕಡ್ಡಿಗಳು ಹೇಗೆ ಉರಿಯುತ್ತವೆಂದು ತಿಳಿಯಬೇಕು. ಜೇಡಿಮಣ್ಣನ್ನು ಒಂದು ಅಡಿ ಉದ್ದದ ಪಟ್ಟಿಯಾಗಿ ತಟ್ಟಿ, ಅದರಲ್ಲಿ ಕಡ್ಡಿಗಳನ್ನು ತಲೆ ಮೇಲಾಗಿ ನೆಟ್ಟಗೆ ಊರಿ. ಮೊದಲ ಹತ್ತು ಕಡ್ಡಿಗಳ ತಲೆಗಳು ಒಂದಕ್ಕೊಂದು ತಾಗುವಂತಿರಲಿ, ಮುಂದಿನ ಹತ್ತರ ನಡುವೆ 3 ಮಿಲಿಮೀಟರ್, ಅದರ ಮುಂದಿನ ಹತ್ತರ ನಡುವೆ 6, ಕೊನೆಗೆ 10 ಮಿಲಿಮೀಟರ್ ಅಂತರವಿರಲಿ. ಒಂದು ತುದಿಯಿಂದ ಹೊತ್ತಿಸಿ, ಉರಿ ಎಲ್ಲಿ ನಿಲ್ಲುತ್ತದೆಂದು ನೋಡಿ. ತಲೆಗಳು ತಾಗಿದ್ದಲ್ಲಿ ಜ್ವಾಲೆ ಸರ್ರನೆ ಓಡುತ್ತದೆ. ಅಂತರ ಹೆಚ್ಚಿದಂತೆ ಅದು ಪ್ರತಿ ಕಡ್ಡಿಯ ಬಳಿಯೂ ತಡೆದು, ಮರ ಉರಿದು ಪಕ್ಕದ ತಲೆಗೆ ಕಾವು ಕೊಡುವವರೆಗೆ ಕಾಯುತ್ತದೆ. ಒಂದು ಅಂತರದಲ್ಲಿ ದಾಟಲಾರದೆ ಆರಿಹೋಗುತ್ತದೆ. ನಿಮ್ಮ ವಿನ್ಯಾಸದಲ್ಲಿ ವೇಗ ಬೇಕಾದಲ್ಲಿ ಯಾವ ಅಂತರ, ನಿಧಾನ ಬೇಕಾದಲ್ಲಿ ಯಾವುದು, ಉರಿ ನಿಲ್ಲಬೇಕಾದಲ್ಲಿ ಯಾವುದು ಎಂಬ ಮೂರು ಅಳತೆಗಳು ಈ ಒಂದು ಸಾಲಿನಿಂದ ಸಿಗುತ್ತವೆ.

ಇದೇ ಪರೀಕ್ಷೆಯನ್ನು ಪಟ್ಟಿಯ ಒಂದು ತುದಿಯನ್ನು ಎತ್ತರಿಸಿ ಇನ್ನೊಮ್ಮೆ ಮಾಡಿ. ಕೆಳತುದಿಯಿಂದ ಹೊತ್ತಿಸಿದರೆ ಉರಿ ಏರಿನಲ್ಲಿ ಬಲುಬೇಗ ಹೋಗುತ್ತದೆ. ಮೇಲಿನಿಂದ ಹೊತ್ತಿಸಿದರೆ ತಡವರಿಸುತ್ತದೆ. ಬಿಸಿ ಗಾಳಿ ಮೇಲೇರುತ್ತಾ ಮೇಲಿನ ಕಡ್ಡಿಗಳನ್ನು ಮುಂಚೆಯೇ ಕಾಯಿಸಿಡುವುದೇ ಇದಕ್ಕೆ ಕಾರಣ. ಬೆಟ್ಟದ ಇಳಿಜಾರಿನಲ್ಲಿ ಕಾಡ್ಗಿಚ್ಚು ಮೇಲ್ಮುಖವಾಗಿ ವೇಗ ಪಡೆಯುವುದೂ ಹೀಗೆಯೇ. ಅಮೆರಿಕದ ಅರಣ್ಯ ಇಲಾಖೆಯವರು ಶಾಲಾ ಮಕ್ಕಳಿಗೆ ಕಾಡ್ಗಿಚ್ಚಿನ ನಡೆಯನ್ನು ವಿವರಿಸಲು ಬೆಂಕಿಕಡ್ಡಿಗಳನ್ನು ನೆಟ್ಟ ಹಲಗೆಯನ್ನೇ ಬಳಸುತ್ತಾರೆ.

ಅಂಟಿಲ್ಲದ ಚೌಕ

ಕಲಿಯಲು ಇದಕ್ಕಿಂತ ಒಳ್ಳೆಯ ಕಟ್ಟಡವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಹನಿ ಅಂಟೂ ಇಲ್ಲದೆ, ಬರೀ ಒತ್ತಡ ಮತ್ತು ಘರ್ಷಣೆಯ ಬಲದಿಂದ ನಿಲ್ಲುವ ಈ ಘನಾಕೃತಿಗೆ ಸುಮಾರು 120ರಿಂದ 150 ಕಡ್ಡಿಗಳು ಸಾಕು.

ಒಂದು ಗಟ್ಟಿ ಪೆಟ್ಟಿಗೆಯ ಮೇಲೆ ನಾಣ್ಯವೊಂದನ್ನಿಟ್ಟು, ಅದರ ಮೇಲೆ ಎರಡು ಕಡ್ಡಿಗಳನ್ನು ಸಮಾನಾಂತರವಾಗಿ ಇಡಿ. ಅವುಗಳ ಮೇಲೆ ಅಡ್ಡವಾಗಿ ಎಂಟು ಕಡ್ಡಿಗಳನ್ನು ಸಮಾನ ಅಂತರದಲ್ಲಿ, ತಲೆಗಳೆಲ್ಲ ಒಂದೇ ಕಡೆಗಿರುವಂತೆ ಜೋಡಿಸಿ. ಈ ಎಂಟರ ಮೇಲೆ ಮತ್ತೆ ಅಡ್ಡವಾಗಿ ಇನ್ನೆಂಟು. ಈಗ ತಳದ ಜಾಲರಿ ಸಿದ್ಧವಾಯಿತು. ಇದರ ಅಂಚಿನಲ್ಲಿ ಎರಡು ಕಡ್ಡಿ ಈ ದಿಕ್ಕಿಗೆ, ಅವುಗಳ ಮೇಲೆ ಎರಡು ಕಡ್ಡಿ ಆ ದಿಕ್ಕಿಗೆ ಇಡುತ್ತಾ ಬಾವಿಯ ಕಟ್ಟೆ ಏರಿಸುವ ಹಾಗೆ ಏಳು ಸುತ್ತು ಗೋಡೆಯನ್ನು ಎಬ್ಬಿಸಿ. ಪ್ರತಿ ಸುತ್ತಿನಲ್ಲೂ ತಲೆಗಳು ಮೂಲೆಯಿಂದ ಮೂಲೆಗೆ ಒಂದೇ ಕ್ರಮದಲ್ಲಿ ತಿರುಗುತ್ತಿರಬೇಕು. ಗೋಡೆಯ ಮೇಲೆ ಎಂಟು ಕಡ್ಡಿಗಳ ಒಂದು ಪದರ, ಅದರ ಮೇಲೆ ಅಡ್ಡವಾಗಿ ಆರು ಕಡ್ಡಿಗಳ ಇನ್ನೊಂದು ಪದರ ಹಾಕಿದರೆ ಚಾವಣಿ ಮುಗಿಯುತ್ತದೆ. ಒಟ್ಟು ಎತ್ತರ ಒಂದು ಕಡ್ಡಿಯ ಉದ್ದಕ್ಕಿಂತ ತುಸು ಕಡಿಮೆ ಇರಬೇಕು; ನಿಮ್ಮ ಕಡ್ಡಿಗಳು ದಪ್ಪವಾಗಿದ್ದರೆ ಒಂದು ಸುತ್ತನ್ನು ಬಿಡಿ.

ಚಾವಣಿಯ ನಡುವೆ ಇನ್ನೊಂದು ನಾಣ್ಯವನ್ನಿಟ್ಟು ಬೆರಳಿನಿಂದ ಒತ್ತಿ ಹಿಡಿಯಿರಿ. ಇಲ್ಲಿಂದ ಮುಂದೆ ಆ ಬೆರಳು ಕದಲುವಂತಿಲ್ಲ. ಮತ್ತೊಂದು ಕೈಯಿಂದ ನಾಲ್ಕು ಮೂಲೆಗಳಲ್ಲಿ ತಲೆ ಮೇಲಾಗಿ ಒಂದೊಂದು ಕಡ್ಡಿಯನ್ನು ಚಾವಣಿಯ ಸಂದಿನಿಂದ ತಳದ ಜಾಲರಿಯವರೆಗೆ ನೇರವಾಗಿ ಇಳಿಸಿ. ಬಳಿಕ ಪ್ರತಿ ಗೋಡೆಗೂ ಒತ್ತಿಕೊಂಡಂತೆ, ಸಂದು ಸಂದಿನಲ್ಲಿ ನಿಂತ ಕಡ್ಡಿಗಳನ್ನು ಇಳಿಸುತ್ತಾ ಸುತ್ತು ಬನ್ನಿ. ಕಡ್ಡಿ ಸರಾಗವಾಗಿ ಇಳಿಯದಿದ್ದರೆ ಬಲ ಹಾಕಬೇಡಿ. ಸ್ವಲ್ಪ ತಿರುಗಿಸುತ್ತಾ ದಾರಿ ಹುಡುಕಿ. ನಾಲ್ಕು ಬದಿ ಮುಗಿಯುವ ವೇಳೆಗೆ ಕಟ್ಟಡ ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಆಗ ನಾಣ್ಯಗಳನ್ನು ತೆಗೆದು, ಎಲ್ಲ ಬದಿಗಳಿಂದ ಮೆಲ್ಲಗೆ ಅಮುಕಿ ಚೌಕವನ್ನು ಬಿಗಿಗೊಳಿಸಿ, ನಿಂತ ಕಡ್ಡಿಗಳ ಹೊರಬದಿಗೆ ಅಡ್ಡ ಕಡ್ಡಿಗಳನ್ನು ತೂರಿಸಿದರೆ ಹೊರಗೋಡೆಯೂ ತುಂಬಿಕೊಳ್ಳುತ್ತದೆ.

ಇದನ್ನು ಹೊತ್ತಿಸಲು ಎರಡು ಬಗೆಗಳಿವೆ, ಅವುಗಳ ಫಲ ಬೇರೆಬೇರೆ. ಮೇಲಿನ ಅಂಚಿನ ಒಂದು ತಲೆಗೆ ಉರಿ ಕೊಟ್ಟರೆ ಕೆಂಪು ತಲೆಗಳ ಸಾಲು ಸುತ್ತಲೂ ಭುಗಿಲೆದ್ದು, ನಂತರ ಮರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಉರಿಯುತ್ತಾ ಚೌಕದ ಆಕಾರ ಬಹಳ ಹೊತ್ತು ನಿಲ್ಲುತ್ತದೆ. ತಳದ ಮೂಲೆಗೆ ಕೊಟ್ಟರೆ ಒಳಗಿನ ಟೊಳ್ಳು ಹೊಗೆಗೂಡಿನಂತೆ ಗಾಳಿಯನ್ನು ಸೆಳೆದು, ಕ್ಷಣಗಳಲ್ಲಿ ಇಡೀ ಚೌಕ ಒಂದೇ ಜ್ವಾಲೆಯಾಗುತ್ತದೆ. ಹೆಚ್ಚಿನವರು ಎರಡನೆಯದನ್ನು ಮೆಚ್ಚುತ್ತಾರೆ. ಕಟ್ಟಿದ ಪ್ರತಿ ಪದರವೂ ಉರಿಯ ಬೆಳಕಿನಲ್ಲಿ ಬೇರೆಬೇರೆಯಾಗಿ ಕಾಣುವುದು ಮೊದಲನೆಯದರಲ್ಲಿ, ಆದ್ದರಿಂದ ನಾನು ಅದನ್ನೇ ಶಿಫಾರಸು ಮಾಡುತ್ತೇನೆ.

ಬಳೆ, ಗುಮ್ಮಟ ಮತ್ತು ಒಂದು ಲೆಕ್ಕ

ಕಡ್ಡಿಗಳನ್ನು ಪಕ್ಕಪಕ್ಕದಲ್ಲಿ ಒತ್ತಾಗಿ ಅಂಟಿಸುತ್ತಾ ಹೋದರೆ ಸಾಲು ತಾನಾಗಿಯೇ ಬಾಗುತ್ತದೆ, ಏಕೆಂದರೆ ತಲೆ ಮರಕ್ಕಿಂತ ದಪ್ಪ. ವಿಡಿಯೋಗಳಲ್ಲಿ ಕಾಣುವ ಗೋಳಗಳೆಲ್ಲ ಈ ಸಹಜ ಬಾಗಿನ ಫಲ. ತಲೆ 3 ಮಿಲಿಮೀಟರ್, ಮರ 2 ಮಿಲಿಮೀಟರ್, ಉದ್ದ 40 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ತಲೆಯ ದಪ್ಪವನ್ನು ಉದ್ದದಿಂದ ಗುಣಿಸಿ, ತಲೆ ಮತ್ತು ಮರದ ದಪ್ಪಗಳ ವ್ಯತ್ಯಾಸದಿಂದ ಭಾಗಿಸಿದರೆ ಬಳೆಯ ಹೊರ ತ್ರಿಜ್ಯ ಸಿಗುತ್ತದೆ: 120 ಮಿಲಿಮೀಟರ್. ಅದರ ಸುತ್ತಳತೆಗೆ ಸುಮಾರು 250 ಕಡ್ಡಿಗಳು ಹಿಡಿಯುತ್ತವೆ. ಇದೇ ತ್ರಿಜ್ಯದ ಪೂರ್ಣ ಗೋಳಕ್ಕೆ ಲೆಕ್ಕ ಹಾಕಿದರೆ ಸುಮಾರು 20,000 ಕಡ್ಡಿಗಳಾಗುತ್ತವೆ. ಅಷ್ಟು ತಲೆಗಳು ಒಟ್ಟಿಗೆ ಭುಗಿಲೆದ್ದಾಗಿನ ಕಾವು ಮತ್ತು ಹೊಗೆ ಮನೆಯಂಗಳದಲ್ಲಿ ನಿಭಾಯಿಸುವಂಥದ್ದಲ್ಲ. ಅನುಭವ ಗಳಿಸುವವರೆಗೆ ಒಂದು ಬಳೆಯ ಗಾತ್ರವೇ ಮಿತಿಯಾಗಿರಲಿ. ಸಾವಿರ ಕಡ್ಡಿ ದಾಟುವ ಯಾವುದೇ ಕಟ್ಟಡವನ್ನು ದೊಡ್ಡ ಬಯಲಲ್ಲಿ, ಅಗ್ನಿಶಾಮಕ ಠಾಣೆಗೆ ತಿಳಿಸಿಯೇ ಉರಿಸಬೇಕು.

ಬಳೆಗೆ ಫೆವಿಕಾಲ್‌ನಂಥ ನೀರು ಬೆರೆತ ಬಿಳಿ ಅಂಟು ಸರಿ. ಕಡ್ಡಿಯ ತಲೆಯಿಲ್ಲದ ತುದಿಯ ಹತ್ತಿರ ಸೂಜಿಮೊನೆಯಷ್ಟು ಹಚ್ಚಿದರೆ ಸಾಕು. ತಲೆಗೆ ತಾಗಿದರೆ ಮದ್ದು ಕರಗಿ ಹಾಳಾಗುತ್ತದೆ, ಹೆಚ್ಚಾದರೆ ಉರಿ ಅಲ್ಲಿ ತಡೆಯುತ್ತದೆ. ರಬ್ಬರ್ ಅಂಟುಗಳಲ್ಲಿ ಸುಲಭವಾಗಿ ಹೊತ್ತುವ ದ್ರಾವಕವಿರುವುದರಿಂದ ಅವನ್ನು ಮುಟ್ಟಬೇಡಿ. ಇಪ್ಪತ್ತೈದು ಕಡ್ಡಿಗಳ ಕಮಾನುಗಳನ್ನು ಬೇರೆಬೇರೆಯಾಗಿ ಮಾಡಿ, ಒಂದು ದಿನ ಒಣಗಲು ಬಿಟ್ಟು, ಬೇರೆಬೇರೆ ಲೋಹದ ಡಬ್ಬಿಗಳಲ್ಲಿ ಮುಚ್ಚಳ ಬಿಗಿಯದೆ ಇಡಿ. ಎಲ್ಲವನ್ನೂ ಒಂದುಗೂಡಿಸುವುದು ಉರಿಸುವ ದಿನ, ಉರಿಸುವ ತಟ್ಟೆಯ ಮೇಲೆಯೇ. ಅರ್ಧ ಕಟ್ಟಿದ ಕೆಲಸಕ್ಕೆ ಕಿಡಿ ಬಿದ್ದರೂ ಹೋಗುವುದು ಒಂದು ಕಮಾನು ಮಾತ್ರ.

ಈ ಬಳೆಯನ್ನು ತಲೆಗಳು ಹೊರಮುಖವಾಗಿ ಮಲಗಿಸಿಟ್ಟು ಒಂದು ಬಿಂದುವಿನಲ್ಲಿ ಹೊತ್ತಿಸಿದರೆ ಉರಿ ಎರಡು ಕಡೆಗೂ ಓಡಿ ಎದುರು ಬದಿಯಲ್ಲಿ ಕೂಡುತ್ತದೆ. ಎಲ್ಲಿ ಕೂಡಬೇಕೆಂದು ನೀವು ನಿರ್ಧರಿಸಬಹುದು: ಒಂದು ಪಕ್ಕದಲ್ಲಿ ನಾಲ್ಕೈದು ಕಡೆ, ಪರೀಕ್ಷಾ ಸಾಲಿನಿಂದ ತಿಳಿದ ನಿಧಾನದ ಅಂತರವನ್ನು ಬಿಟ್ಟರೆ ಆ ಪಕ್ಕದ ಉರಿ ಹಿಂದೆ ಬೀಳುತ್ತದೆ, ಸಂಧಿಸುವ ಸ್ಥಳ ಆ ಕಡೆಗೆ ಸರಿಯುತ್ತದೆ. ಬಳೆಯ ಮೇಲೆ ಚಿಕ್ಕ ಬಳೆಗಳನ್ನು ಏರಿಸಿದ ಗುಮ್ಮಟದಲ್ಲಿ ಇದೇ ಉಪಾಯದಿಂದ ಉರಿಯನ್ನು ಸುರುಳಿಯಾಗಿ ಮೇಲಕ್ಕೆ ಹತ್ತಿಸಲೂ ಸಾಧ್ಯ. ಆದರೆ ಪದರಗಳ ನಡುವೆ ಕಾವು ಅಡ್ಡದಾರಿ ಹಿಡಿಯದಂತೆ ಸಾಕಷ್ಟು ಸಂದು ಬಿಡಬೇಕಾಗುತ್ತದೆ.

ಹೊತ್ತಿಸುವುದು ಮತ್ತು ಚಿತ್ರೀಕರಣ

ಮುಸ್ಸಂಜೆ ಒಳ್ಳೆಯ ಸಮಯ. ಜ್ವಾಲೆಯೂ ಕಾಣುತ್ತದೆ, ಕಾಲಡಿಯ ನೆಲವೂ ಕಾಣುತ್ತದೆ. ಮೊಬೈಲನ್ನು ಟ್ರೈಪಾಡಿನ ಮೇಲೆ ಎರಡು ಮೀಟರ್ ದೂರದಲ್ಲಿ, ಗಾಳಿ ಬರುವ ದಿಕ್ಕಿನಲ್ಲಿಡಿ. ತಲೆಗಳು ಭುಗಿಲೇಳುವಾಗಿನ ಬೆಳಕು ಬಲು ತೀಕ್ಷ್ಣವಾದ್ದರಿಂದ ಸ್ವಯಂಚಾಲಿತ ವ್ಯವಸ್ಥೆ ಗೊಂದಲಕ್ಕೀಡಾಗಿ ಚಿತ್ರ ಒಮ್ಮೆ ಬೆಳ್ಳಗೆ, ಒಮ್ಮೆ ಕಪ್ಪಗೆ ಆಗುತ್ತದೆ; ಫೋಕಸ್ ಮತ್ತು ಎಕ್ಸ್‌ಪೋಷರನ್ನು ಮೊದಲೇ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಇಳಿಸಿಡಿ. ಸೆಕೆಂಡಿಗೆ 120 ಫ್ರೇಮಿನ ನಿಧಾನ ಚಲನೆಯಲ್ಲಿ ಉರಿ ತಲೆಯಿಂದ ತಲೆಗೆ ಹಾರುವುದು ಸ್ಪಷ್ಟವಾಗುತ್ತದೆ. ಹಿಂದಿನಿಂದ ಮಂದವಾದ ದೀಪವೊಂದಿದ್ದರೆ ಹೊಗೆಯೂ ದಾಖಲಾಗುತ್ತದೆ.

ಹೊತ್ತಿಸಲು ಉದ್ದ ಮೂತಿಯ, ಜ್ವಾಲೆ ಬರುವ ಲೈಟರ್ ಬಳಸಿ. ಕೈಯನ್ನು ಕಟ್ಟಡದ ಮೇಲೆ ಚಾಚದೆ ಪಕ್ಕದಿಂದ ತಂದು, ತಾಗಿಸಿದ ಕೂಡಲೇ ಹಿಂದೆ ಸರಿಯಿರಿ. ಉರಿ ನಡುವೆ ನಿಂತರೆ ಕನಿಷ್ಠ ಐದು ನಿಮಿಷ ಹತ್ತಿರ ಹೋಗಬೇಡಿ. ಒಳಗಿನ ಕಾವಿಗೆ ಉಳಿದ ತಲೆಗಳು ಇದ್ದಕ್ಕಿದ್ದಂತೆ ಹೊತ್ತಬಹುದು. ನಿಂತಲ್ಲಿಂದ ಮತ್ತೆ ಹೊತ್ತಿಸುವುದಕ್ಕಿಂತ, ನೀರು ಸುರಿದು ಮುಗಿಸಿ, ಎಲ್ಲಿ ಏಕೆ ನಿಂತಿತೆಂದು ನೋಡಿ ಮುಂದಿನ ವಿನ್ಯಾಸವನ್ನು ತಿದ್ದುವುದು ಉತ್ತಮ.

ಉರಿದ ಮೇಲೆ

ಉರಿದ ಕಡ್ಡಿಗಳು ಸುರುಟಿಕೊಳ್ಳುವುದನ್ನು ಗಮನಿಸಿ. ಕಾವು ಹೆಚ್ಚು ತಾಗಿದ ಬದಿ ಮೊದಲು ಕುಗ್ಗುವುದರಿಂದ ಕಡ್ಡಿ ಆ ಕಡೆಗೆ ಬಾಗುತ್ತದೆ. ಹಾಗಾಗಿ ಉರಿ ಯಾವ ದಿಕ್ಕಿನಿಂದ ಬಂತೆಂಬುದು ಕರಕಲಿನಲ್ಲಿ ಓದಲು ಸಿಗುತ್ತದೆ. ಫೋಟೋ ತೆಗೆದುಕೊಂಡು ವಿನ್ಯಾಸದ ನಕ್ಷೆಯ ಪಕ್ಕದಲ್ಲಿಟ್ಟು ಹೋಲಿಸಿದರೆ ಎಲ್ಲಿ ಸಂದು ಕಡಿಮೆಯಾಗಿತ್ತು, ಎಲ್ಲಿ ಅಂಟು ಹೆಚ್ಚಾಗಿತ್ತು ಎಂಬುದು ತಿಳಿಯುತ್ತದೆ.

ಉಳಿಸಿಕೊಳ್ಳುವ ಇಚ್ಛೆ ಇಲ್ಲದಿದ್ದರೆ ಉಳಿದದ್ದನ್ನೆಲ್ಲ ನೀರಿನಲ್ಲಿ ಮುಳುಗಿಸಿ, ರಾತ್ರಿಯಿಡೀ ಬಿಟ್ಟು, ಆಮೇಲೆ ಕಸಕ್ಕೆ ಹಾಕಿ. ಒಣ ಕರಕಲನ್ನು ಅದೇ ಹೊತ್ತಿಗೆ ಕಸದ ಬುಟ್ಟಿಗೆ ಸುರಿಯಬಾರದು. ತಲೆ ಹೊರಮುಖವಾಗಿ ಒತ್ತಾಗಿ ಕಟ್ಟಿದ ಬಳೆಯಂಥ ಕೃತಿಯನ್ನು ಉಳಿಸಿಕೊಳ್ಳಬೇಕೆಂದಿದ್ದರೆ, ನೀರು ಹಾಕದೆ ತಟ್ಟೆಯ ಸಮೇತ ಹೊರಗೇ ಮರುದಿನದವರೆಗೆ ಬಿಡಿ, ಕೆಂಡವೆಲ್ಲ ಪೂರ್ತಿ ಆರುವವರೆಗೆ ಯಾರಾದರೂ ಕಾವಲಿರಲಿ. ಪೂರ್ತಿ ತಣ್ಣಗಾಗಿದೆಯೆಂದು ಕೈಯಿಂದ ಖಚಿತಪಡಿಸಿಕೊಂಡ ಬಳಿಕ, ಚಿತ್ರಕಲೆಯ ಸಾಮಗ್ರಿಯ ಅಂಗಡಿಯಲ್ಲಿ ಇದ್ದಿಲು ಚಿತ್ರಗಳಿಗೆಂದು ಮಾರುವ ಫಿಕ್ಸೇಟಿವ್ ಸ್ಪ್ರೇಯನ್ನು ಒಂದಡಿ ದೂರದಿಂದ ತೆಳುವಾಗಿ ಎರಡು ಮೂರು ಸಲ, ನಡುನಡುವೆ ಒಣಗಲು ಬಿಟ್ಟು, ಸಿಂಪಡಿಸಬೇಕು. ಹತ್ತಿರದಿಂದ ಸಿಂಪಡಿಸಿದರೆ ಒತ್ತಡಕ್ಕೆ ಸುಟ್ಟ ತಲೆಗಳು ಉದುರುತ್ತವೆ.